ಒಂದು ದಿನ ಒಂಬತ್ತನೇ ಸ್ಥಾನ, ಇನ್ನೊಂದು ದಿನ ಮರಳಲ್ಲಿ: ಈ ರ‍್ಯಾಲಿ ನನ್ನ ಕೈಲಾಗುತ್ತಾ?

ಓದುಗರ ಪ್ರಶ್ನೆ: ನನಗೆ 39 ವರ್ಷ. ಹವ್ಯಾಸಕ್ಕೆ ಆಫ್‌ರೋಡ್ ಬೈಕ್ ಓಡಿಸುತ್ತೇನೆ. ಈಚೆಗೆ ಮೊದಲ ಸಲ ಆರು ದಿನದ ಮರುಭೂಮಿ ರ‍್ಯಾಲಿಗೆ 450 ಸಿಸಿ ಬೈಕ್ ತಗೊಂಡು ಹೋಗಿದ್ದೆ. ಮೊದಲ ದಿನ ನನ್ನ ವರ್ಗದಲ್ಲಿ ಒಂಬತ್ತನೇ ಸ್ಥಾನ ಬಂತು, ಹಿಗ್ಗಿಹೋದೆ. ಎರಡನೇ ದಿನ ಕಲ್ಲುದಾರಿಯಲ್ಲಿ ಮುಂಗೈ ಬಿಗಿದು ಕ್ಲಚ್ ಹಿಡಿಯುವುದಕ್ಕೂ ಆಗಲಿಲ್ಲ. ಮೂರನೇ ದಿನ ಮುಂದೆ ಹೋದವರ ಟೈರ್ ಗುರುತು ನಂಬಿ ದಾರಿ ತಪ್ಪಿದೆ. ಒಂದು ಗಂಟೆಗೂ ಜಾಸ್ತಿ ಸುತ್ತಾಡಿದೆ. ಅದೇ ಮಧ್ಯಾಹ್ನ ಮರಳುದಿಬ್ಬಗಳಲ್ಲಿ ಎಷ್ಟು ಸಲ ಬಿದ್ದೆನೋ ಲೆಕ್ಕವಿಲ್ಲ. ರಾತ್ರಿ ನಿದ್ದೆ ಬರುತ್ತಿರಲಿಲ್ಲ, ಊಟ ಸೇರುತ್ತಿರಲಿಲ್ಲ. ನಾಲ್ಕನೇ ದಿನ ಬೆಳಿಗ್ಗೆ ಹೆಲ್ಮೆಟ್ ಹಾಕಿಕೊಳ್ಳುವಾಗ ಅಳು ಬಂತು. ಮುಗಿಸಿದರೆ ಸಾಕು ಅಂತ ಹೊರಟೆ. ವಿಚಿತ್ರ ಅಂದರೆ ಅವತ್ತು ತುಂಬಾ ಚೆನ್ನಾಗಿ ಹೋಯಿತು. ಐದನೇ ದಿನ ಕ್ಲಚ್ ಸುಟ್ಟು ದಿಬ್ಬಗಳ ನಡುವೆ ನಿಂತೆ. ಕೊನೆಗೆ ಟ್ರಕ್ ಬಂದು ಎತ್ತಿಕೊಂಡು ಹೋಯಿತು. ಈಗ ಮೂರು ವಾರವಾಗಿದೆ. ಎಡಗೈಯ ಕಿರುಬೆರಳು, ಉಂಗುರದ ಬೆರಳು ಇನ್ನೂ ಜುಮ್ಮೆನ್ನುತ್ತಿವೆ. ಬೈಕ್ ಬದಲಾಯಿಸು ಅಂತ ಒಬ್ಬರು, ಜಿಮ್‌ಗೆ ಹೋಗು ಅಂತ ಇನ್ನೊಬ್ಬರು, ಇದೆಲ್ಲ ಸಣ್ಣ ವಯಸ್ಸಿನಿಂದ ಓಡಿಸಿದವರಿಗೆ ಮಾತ್ರ ಅಂತ ಮತ್ತೊಬ್ಬರು. ನಾನು ಇದಕ್ಕೆ ತಕ್ಕವನೇ? ಮುಂದಿನ ವರ್ಷ ಮತ್ತೆ ಹೋಗಬಹುದೇ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಚಿಂತೆಗಳಿವೆ. ಕೈಗೆ ಏನಾಗಿದೆ, ದಿನದಿಂದ ದಿನಕ್ಕೆ ಇಷ್ಟೊಂದು ಏರಿಳಿತ ಯಾಕೆ, ಮತ್ತೆ ಹೋಗುವುದಾ ಬಿಡುವುದಾ. ನಾನು ರ‍್ಯಾಲಿ ಸವಾರರಿಗೆ ತರಬೇತಿ ಕೊಡುವವನು, ರ‍್ಯಾಲಿ ನಡೆಯುವಾಗ ಬಿವಾಕ್‌ನಲ್ಲಿ, ಅಂದರೆ ರಾತ್ರಿ ಎಲ್ಲರೂ ತಂಗುವ ಬಿಡಾರದಲ್ಲಿ, ಅವರ ಜೊತೆಗೇ ಇರುವವನು. ಮೊದಲ ರ‍್ಯಾಲಿ ಮುಗಿಸಿ ಬಂದ ಹವ್ಯಾಸಿಗಳಿಂದ ನಾನು ಕೇಳುವ ಕತೆ ಹೆಚ್ಚುಕಡಿಮೆ ಇದೇ. ಆದರೂ ಮೊದಲು ಕೈ ವಿಷಯ ಮುಗಿಸೋಣ, ಅದು ಕಾಯುವಂಥದ್ದಲ್ಲ.

ಎರಡನೇ ದಿನ ಮುಂಗೈ ಬಿಗಿದದ್ದು ಮತ್ತು ಈಗ ಬೆರಳು ಜುಮ್ಮೆನ್ನುತ್ತಿರುವುದು ಒಂದೇ ತೊಂದರೆ ಅಂದುಕೊಂಡಿದ್ದೀರಿ ಅನಿಸುತ್ತದೆ. ಎರಡೂ ಬೇರೆ. ಮುಂಗೈ ಬಿಗಿಯುವುದನ್ನು ಸವಾರರು ಆರ್ಮ್ ಪಂಪ್ ಅನ್ನುತ್ತಾರೆ. ಹ್ಯಾಂಡಲ್ ಗಟ್ಟಿಯಾಗಿ ಹಿಡಿದೇ ಇದ್ದರೆ ಮುಂಗೈಯ ಸ್ನಾಯುಗಳಿಗೆ ರಕ್ತ ನುಗ್ಗಿ ಅವು ಊದಿಕೊಳ್ಳುತ್ತವೆ. ಸ್ನಾಯುಗಳ ಸುತ್ತ ಇರುವ ಪೊರೆ ಅಷ್ಟಾಗಿ ಹಿಗ್ಗುವುದಿಲ್ಲ. ಒಳಗೆ ಒತ್ತಡ ಏರುತ್ತದೆ, ಬೆರಳುಗಳಲ್ಲಿ ಹಿಡಿತ ಹೋಗುತ್ತದೆ. ಬೈಕ್ ನಿಲ್ಲಿಸಿ ಸ್ವಲ್ಪ ಹೊತ್ತು ಕೈ ಸಡಿಲ ಬಿಟ್ಟರೆ ಸಾಮಾನ್ಯವಾಗಿ ಇಳಿದುಹೋಗುತ್ತದೆ.

ಕಿರುಬೆರಳು, ಉಂಗುರದ ಬೆರಳಿನ ಜುಮ್ಮು ನರಕ್ಕೆ ಸಂಬಂಧಿಸಿದ್ದು. ಅಲ್ನರ್ ನರ ಮೊಣಕೈಯ ಒಳಬದಿಯಿಂದ ಇಳಿದು, ಕಿರುಬೆರಳಿನ ಕಡೆ ಅಂಗೈಯ ಬುಡದಲ್ಲಿ ಹಾದು ಈ ಎರಡು ಬೆರಳುಗಳಿಗೆ ಬರುತ್ತದೆ. ದಿನಗಟ್ಟಲೆ ಹ್ಯಾಂಡಲ್ ಮೇಲೆ ಭಾರ ಹಾಕಿ, ನಡುಕ ತಿಂದರೆ ಅದು ನಜ್ಜಾಗುತ್ತದೆ. ದೂರ ಹೋಗುವ ಸೈಕಲ್ ಸವಾರರಿಗೂ ಇದು ಗೊತ್ತಿರುವ ತೊಂದರೆ. ಎಷ್ಟೋ ಸಲ ತಾನಾಗಿಯೇ ಸರಿಹೋಗುತ್ತದೆ, ನಿಜ. ಆದರೆ ಮೂರು ವಾರವಾದರೂ ಹೋಗಿಲ್ಲ ಅಂದರೆ ಡಾಕ್ಟರಿಗೆ ತೋರಿಸಲೇಬೇಕು. ನರ ಎಲ್ಲಿ, ಎಷ್ಟು ಒತ್ತಿದೆ ಅಂತ ನೋಡುವ ಪರೀಕ್ಷೆ ಇದೆ. ಮನೆಯಲ್ಲಿ ಒಂದು ಕೆಲಸ ಮಾಡಿ: ಉಂಗುರದ ಬೆರಳು, ಕಿರುಬೆರಳಿನ ನಡುವೆ ಒಂದು ಕಾಗದ ಸಿಕ್ಕಿಸಿ ಯಾರಿಗಾದರೂ ಎಳೆಯಲು ಹೇಳಿ. ಬಲಗೈಗಿಂತ ಸುಲಭವಾಗಿ ಜಾರಿ ಬಂದರೆ, ಅಥವಾ ಹೆಬ್ಬೆರಳು ತೋರುಬೆರಳಿನ ನಡುವಿನ ಮಾಂಸ ಕುಗ್ಗಿದಂತೆ ಕಂಡರೆ, ಇನ್ನೊಂದು ವಾರ ನೋಡೋಣ ಅನ್ನಬೇಡಿ. ನಾಳೆಯೇ ಹೋಗಿ. ಬೆರಳು ಸರಿಯಾಗುವ ತನಕ ಬೈಕ್ ತರಬೇತಿ ಬೇಡ.

ಇನ್ನೊಂದು ಮಾತು. ಲೆಕ್ಕವಿಲ್ಲದಷ್ಟು ಸಲ ಬಿದ್ದೆ ಅಂದಿರಿ, ತಲೆಗೆ ಪೆಟ್ಟಾಯಿತಾ ಅಂತ ಬರೆದಿಲ್ಲ. ಆಗಿದ್ದರೆ ಡಾಕ್ಟರಿಗೆ ಅದನ್ನೂ ಹೇಳಿ. ಆ ಹೆಲ್ಮೆಟ್ ಹೊರಗಿನಿಂದ ಚೆನ್ನಾಗಿ ಕಂಡರೂ ಬದಲಾಯಿಸಿ. ಒಳಗಿನ ಪದರ ಒಮ್ಮೆ ಅಮುಕಿಹೋದರೆ ಮುಂದಿನ ಪೆಟ್ಟು ತಡೆಯುವುದಿಲ್ಲ.

ಜಿಮ್‌ಗೆ ಹೋಗು ಅಂದವರ ಮಾತು ಅರ್ಧ ಸರಿ. ಬೆನ್ನು, ಹೊಟ್ಟೆ, ತೊಡೆ ಗಟ್ಟಿಯಿದ್ದರೆ ಫುಟ್‌ಪೆಗ್, ಅಂದರೆ ಕಾಲಿಡುವ ಕಡ್ಡಿ, ಅದರ ಮೇಲೆ ನಿಂತು ಗಂಟೆಗಟ್ಟಲೆ ಹೋಗಬಹುದು, ಕೈ ಮೇಲೆ ಭಾರ ಬೀಳುವುದಿಲ್ಲ. ಆದರೆ ಬರೀ ಮುಂಗೈ ದಪ್ಪ ಮಾಡಿಕೊಂಡರೆ ಆರ್ಮ್ ಪಂಪ್ ಹೋಗುತ್ತದೆ ಅನ್ನುವುದು ತಪ್ಪು. ಟ್ಯಾಂಕನ್ನು ಮಂಡಿಯಿಂದ ಹಿಡಿಯಬೇಕು. ಕೈಯಲ್ಲಿ ಹ್ಯಾಂಡಲನ್ನು ಸುಮ್ನೆ ಸುತ್ತಿಕೊಂಡಿರಬೇಕು ಅಷ್ಟೇ. ನಿಂತಾಗ ಮಣಿಕಟ್ಟು ಬಾಗದಂತೆ ಕ್ಲಚ್, ಬ್ರೇಕ್ ಲಿವರ್‌ಗಳನ್ನು ಸ್ವಲ್ಪ ಕೆಳಕ್ಕೆ ತಿರುಗಿಸಿ. ಎಷ್ಟೋ ಜನರ ಕೈ ನೋವಿಗೆ ಈ ಎರಡು ನಿಮಿಷದ ಕೆಲಸವೇ ಮದ್ದು. ಆರ್ಮ್ ಪಂಪ್‌ಗೆ ಸ್ನಾಯುವಿನ ಸುತ್ತಲಿನ ಪೊರೆ ಬಿಡಿಸುವ ಆಪರೇಷನ್ ಕೂಡ ಇದೆ. ಅದು ಇದೆಲ್ಲ ಮಾಡಿ ನೋಡಿದ ಮೇಲೆ, ಒಳಗಿನ ಒತ್ತಡ ಅಳೆದು ಖಚಿತಪಡಿಸಿಕೊಂಡ ಮೇಲೆ ಮಾತ್ರ ಯೋಚಿಸುವ ವಿಷಯ.

ಈಗ ಏರಿಳಿತದ ಮಾತಿಗೆ ಬರೋಣ. ನೀವು ಮೊದಲ ದಿನವನ್ನು ಒಳ್ಳೆಯ ದಿನ ಅಂತ ಬರೆದಿದ್ದೀರಿ. ನನ್ನ ಕಣ್ಣಿಗೆ ನಿಮ್ಮ ವಾರ ಕೆಟ್ಟದ್ದು ಅವತ್ತೇ. ಆ ಒಂಬತ್ತನೇ ಸ್ಥಾನ ಕೈಗಡ ತಂದದ್ದು. ಮೈಯಲ್ಲಿ ಹೊಸ ಉಮೇದು, ಬೈಕ್ ಹೊಸದು, ಸುತ್ತಮುತ್ತ ವೇಗದ ಸವಾರರು. ನಿಮ್ಮ ಶಕ್ತಿ ಮೀರಿ ಓಡಿಸಿದಿರಿ, ಅಲ್ವಾ? ಹ್ಯಾಂಡಲ್ ಬಿಗಿಯಾಗಿ ಹಿಡಿದದ್ದೂ ಆಗಲೇ. ಎರಡನೇ ದಿನ ಮುಂಗೈ ಅದನ್ನು ವಾಪಸ್ ಕೇಳಿತು. ಮೂರನೇ ದಿನದ ಹೊತ್ತಿಗೆ ನಿದ್ದೆ, ನೀರು, ಊಟ ಮೂರೂ ಕಮ್ಮಿಯಾಗಿ ತಲೆ ಓಡಲಿಲ್ಲ. ದಾರಿ ತಪ್ಪಿತು. ದಾರಿ ತಪ್ಪಿದ್ದರಿಂದ ದಿಬ್ಬಗಳಿಗೆ ಬಿಸಿಲೇರಿದ ಮೇಲೆ ತಲುಪಿದಿರಿ. ಅದಕ್ಕೇ ಬಿದ್ದಿರಿ. ಬಿದ್ದು ಎದ್ದು ಕ್ಲಚ್ ಸವೆಯಿತು. ಐದನೇ ದಿನ ಅದು ಕೈಕೊಟ್ಟಿತು. ಐದು ಬೇರೆ ಬೇರೆ ದುರದೃಷ್ಟ ಅಂತ ನೀವು ನೋಡುತ್ತಿದ್ದೀರಿ. ನನಗೆ ಕಾಣುವುದು ಒಂದಕ್ಕೊಂದು ಕೊಂಡಿ ಹಾಕಿಕೊಂಡ ಒಂದೇ ಕತೆ.

ನಾಲ್ಕನೇ ದಿನ ಚೆನ್ನಾಗಿ ಹೋದದ್ದು ವಿಚಿತ್ರ ಅಲ್ಲವೇ ಅಲ್ಲ. ನಿಮ್ಮ ಪತ್ರದಲ್ಲಿ ನಾನು ಎರಡು ಸಲ ಓದಿದ ಸಾಲು ಅದು. ಮುಗಿಸಿದರೆ ಸಾಕು ಅಂತ ಹೊರಟಿರಿ. ಹಾಗಾಗಿ ವೇಗ ತಾನಾಗಿಯೇ ಇಳಿಯಿತು, ಕೈ ಸಡಿಲವಾಯಿತು, ರೋಡ್‌ಬುಕ್, ಅಂದರೆ ದೂರ, ತಿರುವು, ಅಪಾಯ ಎಲ್ಲ ಚೌಕಚೌಕವಾಗಿ ತೋರಿಸುವ ದಾರಿಪಟ್ಟಿ, ಓದಲು ಪುರುಸೊತ್ತು ಸಿಕ್ಕಿತು. ನಿಮ್ಮ ನಿಜವಾದ ವೇಗ ಅವತ್ತಿನದು. ಹವ್ಯಾಸಿಗಳಿಗೆ ನಾನು ಹೇಳುವುದು ಇಷ್ಟೇ: ಮೊದಲ ಎರಡು ದಿನ, ಇದಕ್ಕಿಂತ ಜೋರಾಗಿ ಹೋಗಬಲ್ಲೆ ಅಂತ ಪ್ರತಿ ನಿಮಿಷ ಅನಿಸುವಷ್ಟು ನಿಧಾನವಾಗಿ ಹೋಗಿ. ಪಕ್ಕದಲ್ಲಿ ಬೇರೆಯವರು ಹಾದುಹೋಗುವಾಗ ಇದು ತುಂಬಾ ಕಷ್ಟ. ನನ್ನ ಜೊತೆ ತರಬೇತಿ ಪಡೆದವರಲ್ಲೂ ಹೆಚ್ಚಿನವರು ಇದನ್ನು ಒಪ್ಪಿಕೊಂಡದ್ದು ಎರಡನೇ ರ‍್ಯಾಲಿಯಲ್ಲೇ.

ನಿದ್ದೆಯನ್ನು ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ. 17 ಗಂಟೆ ಎಚ್ಚರವಾಗಿದ್ದವರ ಚುರುಕು, ರಕ್ತದಲ್ಲಿ 0.05 ಶೇಕಡ ಆಲ್ಕೋಹಾಲ್ ಇರುವವರ ಮಟ್ಟಕ್ಕೆ ಇಳಿಯುತ್ತದೆ ಅಂತ ಪ್ರಯೋಗಗಳು ತೋರಿಸಿವೆ. ಬೆಳಗಿನ ಜಾವ ನಾಲ್ಕಕ್ಕೆ ಎದ್ದವರಿಗೆ ರಾತ್ರಿ ಒಂಬತ್ತಕ್ಕೇ 17 ಗಂಟೆಯಾಗುತ್ತದೆ. ಆ ಹೊತ್ತಿನಲ್ಲಿ ಮಂಪರಿನಲ್ಲಿ ಕೂತು ಮಾರನೇ ದಿನದ ರೋಡ್‌ಬುಕ್‌ನಲ್ಲಿ ಮುಖ್ಯ ಗುರುತುಗಳಿಗೆ ಬಣ್ಣ ಹಚ್ಚಿದರೆ ತಪ್ಪಾಗದೆ ಇರುತ್ತಾ? ಬಿವಾಕ್‌ಗೆ ಬಂದ ತಕ್ಷಣ ಹೆಚ್ಚಿನವರು ಬೈಕ್ ಹತ್ತಿರ ಹೋಗುತ್ತಾರೆ, ಇಲ್ಲವೇ ಮಾತಿಗೆ ಕೂರುತ್ತಾರೆ. ನಾನು ಹೇಳಿಕೊಡುವ ಕ್ರಮ ಬೇರೆ. ಬಂದ ಕೂಡಲೇ ಊಟ, ಹಸಿವಿರಲಿ ಬಿಡಲಿ. ಆಮೇಲೆ ಬೈಕ್. ಆಮೇಲೆ ರೋಡ್‌ಬುಕ್. ಆಮೇಲೆ ಕಿವಿಗೆ ಇಯರ್‌ಪ್ಲಗ್ ಹಾಕಿ ಮಲಗುವುದು. ರಾತ್ರಿಯಿಡೀ ಜನರೇಟರ್, ಎಂಜಿನ್ ಸದ್ದು ಇದ್ದೇ ಇರುತ್ತದೆ.

ಊಟ ಸೇರದಿರುವುದು ಆಯಾಸದ, ನೀರು ಕಮ್ಮಿಯಾದದ್ದರ ಗುರುತು. ಬಿಸಿಲಲ್ಲಿ ರಕ್ಷಾಕವಚ ಹಾಕಿಕೊಂಡು ಮೈ ದಂಡಿಸಿದರೆ ಗಂಟೆಗೆ ಒಂದು ಲೀಟರಿಗೂ ಜಾಸ್ತಿ ಬೆವರು ಹೋಗಬಹುದು. ಬೆವರಿನಲ್ಲಿ ಉಪ್ಪೂ ಹೋಗುತ್ತದೆ. ಬರೀ ನೀರನ್ನೇ ಅತಿಯಾಗಿ ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿದು ತಲೆನೋವು, ಗೊಂದಲ, ವಾಂತಿ ಬರುತ್ತದೆ. ಅದು ಅಪಾಯ. ಬೆನ್ನಿನ ಚೀಲದ ನೀರಿಗೆ ಲವಣ ಬೆರೆಸಿ. ಗಂಟೆಗೆ 30ರಿಂದ 60 ಗ್ರಾಂ ಸಕ್ಕರೆ ಅಂಶ ಹೋಗುವಂತೆ ಸ್ವಲ್ಪಸ್ವಲ್ಪ ತಿನ್ನುತ್ತಿರಿ. ಮೂತ್ರದ ಬಣ್ಣ ಗಾಢವಾಗಿದ್ದರೆ ರಾತ್ರಿಯೇ ಸರಿಮಾಡಿಕೊಳ್ಳಿ. ಬೆಳಿಗ್ಗೆ ಹೊರಡುವಾಗ ಕುಡಿದು ತುಂಬಿಸಲು ಆಗುವುದಿಲ್ಲ.

ದಾರಿ ತಪ್ಪಿದ್ದಕ್ಕೆ ಯಾಕೆ ಇಷ್ಟು ನಾಚಿಕೊಂಡಿದ್ದೀರಿ? ಮರುಭೂಮಿ ರ‍್ಯಾಲಿಗಳಲ್ಲೇ ತುಂಬಾ ಹೆಸರಾದ ಡಕಾರ್ ರ‍್ಯಾಲಿ ಹುಟ್ಟಿದ್ದೇ ದಾರಿ ತಪ್ಪಿದ್ದರಿಂದ. 1977ರಲ್ಲಿ ಅಬಿಜಾನ್–ನೀಸ್ ರ‍್ಯಾಲಿಯಲ್ಲಿ ಬೈಕ್ ಓಡಿಸುತ್ತಿದ್ದ ತಿಯೆರಿ ಸಾಬಿನ್ ಮರುಭೂಮಿಯಲ್ಲಿ ಕಳೆದುಹೋಗಿ, ಬದುಕಿ ಬಂದು, 1978ರ ಡಿಸೆಂಬರ್‌ನಲ್ಲಿ ಮೊದಲ ಪ್ಯಾರಿಸ್–ಡಕಾರ್ ಹೊರಡಿಸಿದರು. 2022ರ ಡಕಾರ್‌ನ ಶುರುವಿನಲ್ಲೇ, ಹಿಂದೆ ಗೆದ್ದಿದ್ದ ಟೋಬಿ ಪ್ರೈಸ್, ರಿಕಿ ಬ್ರೇಬೆಕ್ ಇಬ್ಬರೂ ದಾರಿ ತಪ್ಪಿ ಅರ್ಧ ಗಂಟೆಗೂ ಜಾಸ್ತಿ ಕಳೆದುಕೊಂಡರು. ದಾರಿ ಎಲ್ಲರಿಗೂ ತಪ್ಪುತ್ತದೆ. ತಪ್ಪಿದೆ ಅಂತ ಗೊತ್ತಾದ ಮೇಲೆ ಮೊದಲ ಐದು ನಿಮಿಷ ಏನು ಮಾಡುತ್ತೀರಿ ಅನ್ನುವುದರ ಮೇಲೆ ಉಳಿದದ್ದು ನಿಂತಿದೆ.

ಒಂದು ಉದಾಹರಣೆ ನೋಡೋಣ. ರೋಡ್‌ಬುಕ್‌ನ ಒಂದು ಚೌಕದಲ್ಲಿ ಎಡಗಡೆ 84.30 ಕಿ.ಮೀ. ಅಂತಿದೆ. ಅದರ ಕೆಳಗೆ ಹಿಂದಿನ ಚೌಕದಿಂದ ಎಷ್ಟು ದೂರ ಅಂತ. ನಡುವೆ ಚಿತ್ರ: ಕೆಳಗಿನ ಚುಕ್ಕೆಯಿಂದ ನೀವು ಬರುತ್ತೀರಿ, ಬಾಣದ ಕಡೆ ಹೋಗಬೇಕು, ನಡುವೆ ಒಣಹಳ್ಳ. ಬಲಗಡೆ ಎರಡು ಆಶ್ಚರ್ಯಸೂಚಕ ಚಿಹ್ನೆ, ಅಂದರೆ ಸಾಕಷ್ಟು ಅಪಾಯ. ಪಕ್ಕದಲ್ಲಿ ಕ್ಯಾಪ್ 140, ಅಂದರೆ ಹಳ್ಳ ದಾಟಿ 140 ಡಿಗ್ರಿ ದಿಕ್ಕು ಹಿಡಿಯಬೇಕು. ನಿಮ್ಮ ಟ್ರಿಪ್ ಮೀಟರ್ 84.30 ತೋರಿಸುತ್ತಿದೆ, ಆದರೆ ಹಳ್ಳ ಕಾಣುತ್ತಿಲ್ಲ. 84.60 ಆಯಿತು, ಆಗಲೂ ಇಲ್ಲ. ಎದುರಿಗೆ ಹತ್ತಾರು ಟೈರ್ ಗುರುತು ಎಡಕ್ಕೆ ಹೋಗಿವೆ. ಹೆಚ್ಚಿನವರು ಇಲ್ಲಿ ಗುರುತು ಹಿಡಿದು ವೇಗ ಹೆಚ್ಚಿಸುತ್ತಾರೆ. ಹೋದ ಸಮಯ ವಾಪಸ್ ಗಳಿಸಬೇಕು ಅನ್ನುವ ಗಡಿಬಿಡಿ.

ಅಲ್ಲೇ ನಿಲ್ಲಬೇಕು. ಎಂಜಿನ್ ಆಫ್ ಮಾಡಿ. ಟ್ರಿಪ್ ಮೀಟರ್ ಮೊದಲೇ ಒಂದಿಷ್ಟು ಹಿಂದೆ ಮುಂದೆ ಆಗಿರಬಹುದು. ಚಕ್ರ ಮರಳಲ್ಲಿ ಸುಮ್ನೆ ತಿರುಗಿದ್ದರೂ ಅದು ಕಿಲೋಮೀಟರ್ ಎಣಿಸಿರುತ್ತದೆ. ಕೊನೆಗೆ ಯಾವ ಚೌಕ ನೂರಕ್ಕೆ ನೂರು ಸರಿ ಸಿಕ್ಕಿತ್ತು? ಅಲ್ಲಿಗೆ ವಾಪಸ್ ಹೋಗಿ, ಮೀಟರ್ ಸರಿಮಾಡಿಕೊಂಡು ಮತ್ತೆ ಹೊರಡಿ. ಎರಡು ಕಿಲೋಮೀಟರ್ ಹಿಂದಕ್ಕೆ ಹೋಗಲು ಮನಸ್ಸು ಬಾರದೆ ಇಪ್ಪತ್ತು ಕಿಲೋಮೀಟರ್ ಸುತ್ತುವವರನ್ನು ಪ್ರತಿ ರ‍್ಯಾಲಿಯಲ್ಲೂ ನೋಡುತ್ತೇನೆ. ಟೈರ್ ಗುರುತಿನ ಬಗ್ಗೆ ಒಂದು ವಿಷಯ ತಿಳಿದಿರಲಿ. ದಾರಿ ತಪ್ಪಿದವರು ಹೋಗಿ ವಾಪಸ್ ಬರುತ್ತಾರೆ. ಆದ್ದರಿಂದ ತಪ್ಪು ದಾರಿಯಲ್ಲೇ ಗುರುತು ಕೆಲವೊಮ್ಮೆ ಜಾಸ್ತಿ ಇರುತ್ತದೆ! ಬಗ್ಗಿ ನೋಡಿ. ಗುರುತು ಎರಡೂ ದಿಕ್ಕಿಗೆ ಇದ್ದರೆ, ಅಲ್ಲಿ ಯಾರೋ ಕಳೆದುಹೋಗಿದ್ದರು ಅಂತ ಅರ್ಥ.

ಮರಳುದಿಬ್ಬದಲ್ಲಿ ನಿಮ್ಮ ಕಲಿಕೆಗಿಂತ ಹೊತ್ತು ಜಾಸ್ತಿ ಕೈಕೊಟ್ಟಿತು. ಬೆಳಿಗ್ಗೆ ಮರಳು ಸ್ವಲ್ಪ ಗಟ್ಟಿ, ನೆರಳು ಉದ್ದ, ಏರಿಳಿತ ಚೆನ್ನಾಗಿ ಕಾಣುತ್ತದೆ. ನಡುಮಧ್ಯಾಹ್ನ ಮರಳು ಸಡಿಲ, ನೆರಳೇ ಇಲ್ಲ. ದಿಬ್ಬದ ಆಚೆ ಕಡಿದಾಗಿ ಬಿದ್ದಿದ್ದರೂ ಕಣ್ಣಿಗೆ ಕಾಣುವುದಿಲ್ಲ. ಗಾಳಿ ಬೀಸುವ ಕಡೆ ಇಳಿಜಾರು ನಿಧಾನ ಮತ್ತು ಗಟ್ಟಿ, ಆಚೆ ಕಡೆ ಕಡಿದು ಮತ್ತು ಮೆತ್ತಗೆ. ಬುಡದಲ್ಲೇ ವೇಗ ಗಳಿಸಿ ಏರಿ, ನೆತ್ತಿ ಹತ್ತಿರ ಬಂದಂತೆ ಥ್ರಾಟಲ್ ಇಳಿಸಿ, ನೆತ್ತಿಯಲ್ಲಿ ಆಚೆ ಏನಿದೆ ಅಂತ ನೋಡಿ ಇಳಿಯಿರಿ. ಹಾರಿಸುವುದು ಬೇಡವೇ ಬೇಡ. ಹೂತುಕೊಂಡರೆ ಥ್ರಾಟಲ್ ಕೊಟ್ಟಷ್ಟೂ ಹಿಂದಿನ ಚಕ್ರ ಆಳಕ್ಕೆ ಹೋಗುತ್ತದೆ. ಬೈಕನ್ನು ಪಕ್ಕಕ್ಕೆ ಮಲಗಿಸಿ, ಗುಂಡಿಗೆ ಮರಳು ತಳ್ಳಿ, ಮುಂಚಕ್ರವನ್ನು ಇಳಿಜಾರಿನ ಕಡೆಗೆ ಎಳೆದು ತಿರುಗಿಸಿ, ಆಮೇಲೆ ಎತ್ತಿ. ಅದಕ್ಕೂ ಮೊದಲು ಎರಡು ನಿಮಿಷ ಉಸಿರು ತಗೊಳ್ಳಿ. ಏದುಸಿರಿನಲ್ಲಿ ಎತ್ತಿದ ಬೈಕ್ ಮತ್ತೆ ಬೀಳುತ್ತದೆ.

ನಿಮ್ಮ ಕ್ಲಚ್ ಸುಟ್ಟದ್ದು ಐದನೇ ದಿನವಾದರೂ ಹಾಳಾದದ್ದು ಮೂರನೇ ದಿನ ಅಂತ ನನ್ನ ಅಂದಾಜು. ಹೂತ ಬೈಕನ್ನು ಅರ್ಧ ಕ್ಲಚ್‌ನಲ್ಲಿ ಎಳೆಸಿದಾಗ ಪ್ಲೇಟುಗಳು ಉರಿಯುತ್ತವೆ. ಅದರ ಪುಡಿ ಎಂಜಿನ್ ಆಯಿಲ್‌ಗೆ ಸೇರುತ್ತದೆ. ಅವತ್ತು ರಾತ್ರಿ ಆಯಿಲ್ ಕಪ್ಪಾಗಿ ಸುಟ್ಟ ವಾಸನೆ ಬರುತ್ತಿತ್ತಾ? ಕ್ಲಚ್ ಲಿವರ್ ಹಿಡಿಯುವ ಮೊದಲಿನ ಸಡಿಲ ಬದಲಾಗಿತ್ತಾ? ನಾಲ್ಕನೇ ದಿನ ಎಂಜಿನ್ ಸದ್ದು ಏರಿದರೂ ಬೈಕ್ ಅಷ್ಟಾಗಿ ಮುಂದೆ ನುಗ್ಗುತ್ತಿರಲಿಲ್ಲವಾ? ಹೌದು ಅನ್ನುವುದಾದರೆ ಪ್ಲೇಟು, ಆಯಿಲ್ ಎರಡನ್ನೂ ಆ ರಾತ್ರಿಯೇ ಬದಲಾಯಿಸಬೇಕಿತ್ತು. ಮರಳಿನ ದಿನ ಮುಗಿದ ಮೇಲೆ ಇದನ್ನು ನೋಡಲೇಬೇಕು ಅಂತ ಚೀಟಿ ಬರೆದು ಟ್ಯಾಂಕ್ ಮೇಲೆ ಅಂಟಿಸಿಕೊಳ್ಳಿ. ದಣಿದಾಗ ನೆನಪು ಕೆಲಸ ಮಾಡುವುದಿಲ್ಲ.

ಬೈಕ್ ಬದಲಾಯಿಸುವ ಸಲಹೆ ಬಿಟ್ಟುಬಿಡಿ. ಮೊದಲ ಪ್ಯಾರಿಸ್–ಡಕಾರ್ ಗೆದ್ದದ್ದು ಯಮಹಾ ಎಕ್ಸ್‌ಟಿ 500, ಇವತ್ತಿನ ಲೆಕ್ಕದಲ್ಲಿ ತೀರಾ ಸಾಧಾರಣ ಬೈಕ್. 2011ರಿಂದ ಡಕಾರ್‌ನಲ್ಲಿ ಬೈಕ್‌ಗಳಿಗೆ 450 ಸಿಸಿ ಮಿತಿ ಇದೆ. ನಿಮ್ಮದು ಸಾಕು. ದುಡ್ಡಿದ್ದರೆ ಸಸ್ಪೆನ್ಷನ್ ನಿಮ್ಮ ತೂಕಕ್ಕೆ ಸರಿಯಾಗಿ ಹೊಂದಿಸಿಕೊಳ್ಳಿ. ಮತ್ತೆ, ಟ್ಯಾಂಕ್ ತುಂಬಿಸಿಯೇ ಅಭ್ಯಾಸ ಮಾಡಿ. 30 ಲೀಟರ್ ಪೆಟ್ರೋಲ್ ಅಂದರೆ ಸುಮಾರು 22 ಕಿಲೋ. ಖಾಲಿ ಟ್ಯಾಂಕಿನಲ್ಲಿ ಕಲಿತವರಿಗೆ ರ‍್ಯಾಲಿಯ ಬೆಳಿಗ್ಗೆ ಬೈಕ್ ಬೇರೆಯೇ ಅನಿಸುತ್ತದೆ.

ಸಣ್ಣ ವಯಸ್ಸಿನವರಿಗೆ ಮಾತ್ರ ಅನ್ನುವ ಮಾತೂ ನಿಲ್ಲುವುದಿಲ್ಲ. ಡಕಾರ್‌ನಲ್ಲೇ ಹವ್ಯಾಸಿಗಳ ದೊಡ್ಡ ಗುಂಪಿದೆ. ಯಾವ ಸಹಾಯಕರೂ ಇಲ್ಲದೆ, ಒಂದು ಪೆಟ್ಟಿಗೆ, ಟೆಂಟು, ಬಿಡಿ ಚಕ್ರ, ಟೂಲ್ ಇಟ್ಟುಕೊಂಡು ತಾವೇ ಬೈಕ್ ರಿಪೇರಿ ಮಾಡಿಕೊಳ್ಳುವ ವರ್ಗವೂ ಇದೆ. ನಲವತ್ತು, ಐವತ್ತು ದಾಟಿದವರು ಅಲ್ಲಿ ಇದ್ದೇ ಇರುತ್ತಾರೆ. 2015ರಲ್ಲಿ ಸಿ.ಎಸ್. ಸಂತೋಷ್ ಡಕಾರ್ ಮುಗಿಸಿದ ಮೊದಲ ಭಾರತೀಯರಾದಾಗ ಅವರ ಸ್ಥಾನ 36. ಮುಗಿಸುವುದೇ ಅಲ್ಲಿ ಎಂಥ ದೊಡ್ಡ ಕೆಲಸ ಅಂತ ಅದರಿಂದ ತಿಳಿಯುತ್ತದೆ.

ಅಪಾಯದ ಮಾತನ್ನು ಮುಚ್ಚಿಡುವುದಿಲ್ಲ. 2020ರ ಡಕಾರ್‌ನಲ್ಲಿ ತುಂಬಾ ಅನುಭವಿ ಪೌಲೊ ಗೊನ್ಸಾಲ್ವೆಸ್ ತೀರಿಕೊಂಡರು. 2021ರಲ್ಲಿ ಹವ್ಯಾಸಿ ಸವಾರ ಪಿಯೆರ್ ಶೆರ್ಪಾಂ. ಅದೇ ವರ್ಷ ಸಂತೋಷ್ ಕೂಡ ಬಿದ್ದು ತಲೆಗೆ ಪೆಟ್ಟಾಗಿ ಆಸ್ಪತ್ರೆ ಸೇರಿದರು. ಅನುಭವ ಇದ್ದರೆ ಅಪಾಯ ಕಮ್ಮಿಯಾಗುತ್ತದೆ, ಇಲ್ಲವಾಗುವುದಿಲ್ಲ. ಇದನ್ನು ಮನೆಯವರ ಜೊತೆ ಕೂತು, ಅವರಿಗೂ ಎಲ್ಲ ಹೇಳಿ ತೀರ್ಮಾನಿಸಬೇಕು.

ನಿಮ್ಮ ಮುಂದೆ ಇರುವ ದಾರಿಗಳು ಇವು. ಮುಂದಿನ ವರ್ಷ ಅದೇ ರ‍್ಯಾಲಿಗೆ ನೇರವಾಗಿ ಹೋಗಬಹುದು. ಲಾಭ ಅಂದರೆ ಜಾಗ, ಕ್ರಮ ಎಲ್ಲ ಗೊತ್ತು. ತೊಂದರೆ ಅಂದರೆ ಸೇಡು ತೀರಿಸಿಕೊಳ್ಳುವ ಮನಸ್ಸಿನಲ್ಲಿ ಹೋಗುತ್ತೀರಿ, ಮೊದಲ ದಿನ ಮತ್ತೆ ಅದೇ ವೇಗ ಬರುತ್ತದೆ. ಎರಡನೆಯದು, ಮೊದಲು ಎರಡು ಮೂರು ದಿನದ ಸಣ್ಣ ರ‍್ಯಾಲಿಗೆ ಹೋಗುವುದು. ಖರ್ಚು ಎರಡು ಸಲ, ರಜೆ ಎರಡು ಸಲ. ಆದರೆ ದಣಿದ ಮೇಲೆ ರೋಡ್‌ಬುಕ್ ಓದುವುದು ಅಲ್ಲಿ ಕಲಿಯಬಹುದು, ತಪ್ಪಾದರೂ ಬೆಲೆ ಚಿಕ್ಕದು. ಮೂರನೆಯದು, ಒಂದು ವರ್ಷ ಸ್ಪರ್ಧೆಯೇ ಬೇಡ, ಬರೀ ಮರಳು ಮತ್ತು ರೋಡ್‌ಬುಕ್ ತರಬೇತಿ. ಇದರಲ್ಲಿ ಅಪಾಯ ಕಮ್ಮಿ, ಆದರೆ ದಿನದ ಮೇಲೆ ದಿನ ಸವಾರಿ ಮಾಡುವ ಆಯಾಸ ಹೇಗಿರುತ್ತದೆ ಅಂತ ತರಬೇತಿಯಲ್ಲಿ ಅಷ್ಟಾಗಿ ಗೊತ್ತಾಗುವುದಿಲ್ಲ. ಬಿಟ್ಟುಬಿಡುವುದೂ ಒಂದು ದಾರಿ. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಹೆಲ್ಮೆಟ್ ಹಾಕುವಾಗಿನ ಅಳು ಬರೀ ಆಯಾಸದ್ದಾ, ಇಲ್ಲಾ ನನಗೆ ಇದು ಬೇಡ ಅಂತ ಮನಸ್ಸು ಹೇಳಿದ್ದಾ ಅನ್ನುವುದು ನಿಮಗೆ ಮಾತ್ರ ಗೊತ್ತು. ಆದರೆ ತೀರ್ಮಾನವನ್ನು ಈ ಮೂರು ವಾರದ ದಣಿವಿನಲ್ಲಿ ಮಾಡಬೇಡಿ.

ತಕ್ಕವನೇ ಅಂತ ಕೇಳಿದ್ದಿರಿ. ನಾಲ್ಕನೇ ದಿನ ಹಾಗೆ ಓಡಿಸಿದವರು ತಕ್ಕವರೇ, ನನಗೆ ಅನುಮಾನವಿಲ್ಲ. ನನ್ನ ಸಲಹೆ ಎರಡನೇ ದಾರಿ. ಕೈ ಪೂರ್ತಿ ಸರಿಹೋದ ಮೇಲೆ, ಡಾಕ್ಟರ್ ಒಪ್ಪಿದ ಮೇಲೆ, ಎರಡು ದಿನದ ಒಂದು ರ‍್ಯಾಲಿಗೆ ಹೆಸರು ಕೊಡಿ. ಮೊದಲ ದಿನ ನಿಮ್ಮ ವರ್ಗದ ಕೊನೆಯ ಕಾಲುಭಾಗದಲ್ಲೇ ಇರುವುದು ಅಂತ ಹೊರಡುವ ಮೊದಲೇ ನಿಮ್ಮ ಮೆಕ್ಯಾನಿಕ್‌ಗೆ ಹೇಳಿಬಿಡಿ, ಸಂಜೆ ಅದರ ಲೆಕ್ಕ ಅವರೇ ಕೇಳಲಿ. ಎರಡನೇ ದಿನ ಮುಂಗೈ ಬಿಗಿಯಿತಾ, ರೋಡ್‌ಬುಕ್‌ನ ಎಷ್ಟು ಚೌಕ ತಪ್ಪಿತು, ರಾತ್ರಿ ಎಷ್ಟು ಗಂಟೆ ಮಲಗಿದಿರಿ ಅನ್ನುವುದನ್ನು ಬರೆದಿಡಿ. ಆರು ದಿನದ ರ‍್ಯಾಲಿಗೆ ಹೋಗಬೇಕೋ ಬೇಡವೋ ಅಂತ ನನಗೆ ಮತ್ತೆ ಬರೆಯುವುದಾದರೆ, ಆ ಹಾಳೆಯನ್ನೂ ಜೊತೆಗೆ ಕಳಿಸಿ.